ನೋರಾಳ ಬಯಲು

ಮಾರ್ಟಿನ್ ಎದೆ ಹಿಡಿದುಕೊಂಡು ಕುಸಿದಾಗ ಅವನ ಹೆಂಡತಿ ವಿನ್ನಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಎಲ್ಲಿಗೆ ಬರಬೇಕು ಎಂದು ಕೇಳಿದರು. ನೋರಾಸ್ ಗ್ರೀನ್ ಅಂದಳು. ಅಂಥ ಜಾಗ ಕಂಪ್ಯೂಟರಿನಲ್ಲಿ ಇಲ್ಲವಲ್ಲ ಅಂದರು. ಹಳೇ ಕಲ್ಲುಕ್ವಾರಿಯ ಹಿಂದೆ, ಗೇಟಿಲ್ಲದ ಕೆಸರು ದಾರಿ, ಕಾರವಾನುಗಳು ಕಾಣುತ್ತವೆ ಎಂದು ಅಳುತ್ತಾ ವಿವರಿಸಿದಳು. ಆಂಬುಲೆನ್ಸು ಬಂತು, ಕ್ವಾರಿಯ ಆಚೆ ಬದಿಗೆ. ಅದರ ಸೈರನ್ ಇವರಿಗೆ ಕೇಳಿಸುತ್ತಿತ್ತು. ಸುತ್ತಿ ಬಳಸಿ ಈಚೆಗೆ ಬರುವಷ್ಟರಲ್ಲಿ ಮಾರ್ಟಿನ್ ತಣ್ಣಗಾಗಿದ್ದ.

"ಸಾವು ದೇವರ ಕೈಲಿರೋದು, ಬಿಡು. ಆದ್ರೆ ಆ ಸೈರನ್ ಸದ್ದು ಇನ್ನೂ ಕಿವೀಲೇ ಐತೆ," ಎಂದಳು ವಿನ್ನಿ, ಜಮೀನು ಅಳೆಯಲು ಬಂದಿದ್ದ ಸಾವಿತ್ರಿಯ ಮುಂದೆ ಚಹಾ ಇಡುತ್ತಾ. ಅವಳ ಇಂಗ್ಲಿಷಿಗೆ ನಮ್ಮ ಹಳ್ಳಿಯ ಮಾತೇ ಒಪ್ಪುತ್ತದೆ.

ವಿನ್ನಿಯ ಜನರನ್ನು ಟ್ರಾವೆಲರ್ಸ್ ಅನ್ನುತ್ತಾರೆ. ಐರ್ಲೆಂಡಿನ ಅಲೆಮಾರಿ ಜನ, ಕಾರವಾನು ಎಂಬ ಗಾಲಿಮನೆಗಳಲ್ಲಿ ಬದುಕುವವರು. ಬಣ್ಣ ಅದೇ, ಚರ್ಚು ಅದೇ. ಆದರೂ ಇವರನ್ನು ಕಂಡರೆ ಊರಿನವರು ಪಬ್ಬಿನ ಬಾಗಿಲು ಹಾಕಿಕೊಳ್ಳುತ್ತಾರೆ. ಇವರದೊಂದು ಬೇರೆ ಜನಾಂಗ ಎಂದು ಸರ್ಕಾರ ಈಚೆಗೆ ಒಪ್ಪಿಕೊಂಡಿತು. ಹೊಟ್ಟೆಗೆ ಹಿಟ್ಟು ಕೊಡದೆ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ. ಆ ಬಯಲಿನ ಅಷ್ಟೂ ಕುಟುಂಬಗಳಿಗೆ ಇದ್ದದ್ದು ಒಂದೇ ನಲ್ಲಿ, ಚಳಿಗಾಲದಲ್ಲಿ ಅದೂ ಹೆಪ್ಪುಗಟ್ಟುತ್ತಿತ್ತು. ಇಲಿಗಳು ಕಾರವಾನಿನ ನೆಲ ಕೊರೆಯುತ್ತಿದ್ದವು. ಮಕ್ಕಳು ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಟಾರು ರಸ್ತೆಯವರೆಗೆ ನಡೆದು ಸ್ಕೂಲಿನ ಬಸ್ ಹಿಡಿಯುತ್ತಿದ್ದವು.

ಬಯಲಿನ ನಡುವೆ ಯಾರೂ ಗಾಡಿ ನಿಲ್ಲಿಸದ ಒಂದು ಜಾಗವಿತ್ತು. ವಿನ್ನಿಯ ಅತ್ತೆ ನೋರಾ ಅಲ್ಲಿಯೇ ಕುದುರೆಗಾಡಿಯೊಳಗೆ ತೀರಿಕೊಂಡಿದ್ದಳು. ಸತ್ತವರ ಗಾಡಿಯನ್ನು ಬಟ್ಟೆಬರೆ ಸಮೇತ ಸುಡುವುದು ಇವರ ಹಿಂದಿನ ಪದ್ಧತಿ. ಸುಟ್ಟ ನೆಲದ ಮೇಲೆ ಯಾರೂ ಒಲೆ ಹೂಡುವುದಿಲ್ಲ. ಅಂದಿನಿಂದ ಅದು ನೋರಾಸ್ ಗ್ರೀನ್, ನೋರಾಳ ಬಯಲು. ಅದು ಇವರ ಬಾಯಲ್ಲಿ ಮಾತ್ರ. ಊರಿನವರು 'ಕ್ವಾರಿ ಹಿಂದಿನ ಕೊಳಕು' ಅನ್ನುತ್ತಿದ್ದರು. ನಕ್ಷೆಯಲ್ಲಿ ಅದು ಖಾಲಿ ಜಾಗ.

ಸಾವಿತ್ರಿ ಅಂಥ ನಕ್ಷೆ ಮಾಡುವವಳು. ಲೀಕ್ಸ್‌ಲಿಪ್‌ನಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆ, ಡಬ್ಲಿನ್ನಿನ ಸರ್ವೆ ಕಂಪನಿಯೊಂದರಲ್ಲಿ ಕೆಲಸ. ಆ ಕಡೆಯ ಜಮೀನನ್ನೆಲ್ಲ ಅಳೆದು ಹೊಸ ನಕ್ಷೆ ಮಾಡುವ ಗುತ್ತಿಗೆ ಆ ಕಂಪನಿಗೆ ಸಿಕ್ಕಿತ್ತು.

"ಕ್ವಾರಿ ಹಿಂದಕ್ಕೆ ಒಬ್ಳೇ ಹೋಗ್ಬೇಡ," ಎಂದಿದ್ದ ಟೀಮ್ ಲೀಡರ್ ಶ್ರೀಹರ್ಷ, ಬೆಂಗಳೂರಿನವನು. "ಕಳ್ಳ ಜನ ಅವ್ರು. ರೋಡಿಂದಲೇ ನೋಡಿ ವೇಕೆಂಟ್ ಅಂತ ಹಾಕ್ಬಿಡು. ಎಲ್ಲಾ ಗ್ರ್ಯಾಂಡ್," ಎಂದು ಅಲ್ಲಿಯವರ ಥರ ಸೇರಿಸಿದ್ದ.

ಕಳ್ಳ ಜನ. ಈ ಮಾತು ಸಾವಿತ್ರಿಗೆ ಹೊಸದಲ್ಲ. ಅವಳು ದಾವಣಗೆರೆ ಕಡೆಯ ಲಂಬಾಣಿ ತಾಂಡಾದವಳು. ಸ್ಕೂಲಿನಲ್ಲಿ ಯಾರದಾದರೂ ಪೆನ್ನು ಕಳೆದರೆ ಮೇಷ್ಟ್ರು ಮೊದಲು ಜಾಲಾಡುತ್ತಿದ್ದದ್ದು ಇವಳ ಚೀಲವನ್ನು. ಅವರ ತಾಂಡಾಕ್ಕೂ ನಕ್ಷೆಯಲ್ಲಿ ಹೆಸರಿರಲಿಲ್ಲ. ರೇಷನ್ನಿಗೂ ಓಟಿಗೂ ಪಕ್ಕದ ಹಳ್ಳಿಯವರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಅವಳಪ್ಪ ಠಾಕ್ರ್ಯಾ ನಾಯಕ ತಾಲ್ಲೂಕು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ. ಕೊನೆಗೊಂದು ದಿನ ತಾಂಡಾ ಕಂದಾಯ ಗ್ರಾಮವಾಯಿತು. ಹೆಸರಿನ ಬೋರ್ಡು ನಿಂತಿತು, ಕರೆಂಟು ಬಂತು, ಮನೆಗಳಿಗೆ ಹಕ್ಕುಪತ್ರ ಬಂತು. ಅಂದು ಹೆಂಗಸರೆಲ್ಲ ಕನ್ನಡಿಯ ಲಂಗ ತೊಟ್ಟು ಆ ಬೋರ್ಡಿನ ಸುತ್ತ ಕುಣಿದರು. ಸಾವಿತ್ರಿ ನಕ್ಷೆಯ ಓದು ಹಿಡಿದದ್ದೇ ಆ ಕುಣಿತ ನೋಡಿ. ನಕ್ಷೆಗೆ ಬಂದವರು ಬದುಕುತ್ತಾರೆ ಎಂದು ಅವಳು ನಂಬಿದ್ದಳು. ಪಾಪ, ಬೇರೆ ಥರವೂ ಆಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೆಸರು ಹಾಕೋಣ ವಿನ್ನಿ," ಎಂದಳು ಚಹಾ ಮುಗಿಸಿ. "ಯಾರ್ ಯಾರ ಕಾರವಾನು ಎಲ್ಲೈತೆ, ಎಲ್ಲಾ ಗುರುತು ಮಾಡೋಣ. ನೀವು ಇಲ್ಲಿದ್ದೀರಿ ಅಂತ ಗೊತ್ತಾದ್ರೆ ತಾನೇ ನೀರು, ಲೈಟು ಕೊಡೋದು?"

"ನಕ್ಷೆ ಹಿಡ್ಕೊಂಡು ಬಂದೋರು ನಮಗೆ ಯಾವತ್ತೂ ಒಳ್ಳೇದು ಮಾಡಿಲ್ಲ ಮಗಾ. ಕಣ್ಣಿಗೆ ಬೀಳ್ದೆ ಇರೋದ್ರಿಂದ್ಲೇ ಇಷ್ಟು ದಿನ ಉಳ್ಕೊಂಡಿದ್ದೀವಿ."

"ನಮ್ಮ ತಾಂಡಾದಲ್ಲೂ ಹಿಂಗೇ ಹೆದರ್ತಿದ್ರು. ನಾನೂ ನಿಮ್ಮಂಥೋರ ಮಗಳೇ. ನನ್ನ ನಂಬಿ."

ವಿನ್ನಿ ಕೇಳಿದಳು, "ಆಂಬುಲೆನ್ಸಿಗೆ ದಾರಿ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ನೆಟ್ಟಗೆ ಬರುತ್ತೆ."

ಆ ಒಂದು ಮಾತಿಗೆ ವಿನ್ನಿ ಎದ್ದು ಬೂಟು ಹಾಕಿಕೊಂಡಳು. ಇಬ್ಬರೂ ಬಯಲೆಲ್ಲ ತಿರುಗಿದರು. ಕೈಯಲ್ಲಿದ್ದ ಯಂತ್ರದಿಂದ ಸಾವಿತ್ರಿ ಒಂದೊಂದು ಕಾರವಾನನ್ನೂ, ನಲ್ಲಿಯನ್ನೂ, ಕುದುರೆ ಕಟ್ಟುವ ಗೂಟವನ್ನೂ ಗುರುತು ಮಾಡಿಕೊಂಡಳು. ನೋರಾಳ ಗಾಡಿ ಸುಟ್ಟ ನೆಲದ ಹತ್ತಿರ ವಿನ್ನಿ ಅವಳ ತೋಳು ಹಿಡಿದು, ತುಳಿಯದ ಹಾಗೆ ಬಳಸಿ ನಡೆಸಿದಳು.

ನಕ್ಷೆ ನೋಡಿ ಶ್ರೀಹರ್ಷ ಮೊದಲು ಗೊಣಗಿದ. ವಾರ ಕಳೆದ ಮೇಲೆ ನಗುತ್ತಾ ಬಂದ. "ನಿನ್ನ ಡೀಟೇಲ್ ನೋಡಿ ಕ್ಲೈಂಟು ಫುಲ್ ಖುಷಿ ಕಣೇ!" ಸಾವಿತ್ರಿ ಊರಿಗೆ ಫೋನ್ ಮಾಡಿ, ಇಲ್ಲೂ ಒಂದು ತಾಂಡಾಕ್ಕೆ ಹೆಸರು ಹಾಕಿಸಿದೆ ಎಂದು ಅಪ್ಪನಿಗೆ ಹೇಳಿದಳು. ಮುದುಕ ಸಂತೋಷಕ್ಕೆ ಅತ್ತುಬಿಟ್ಟ.

ಕ್ಲೈಂಟು ಯಾಕೆ ಖುಷಿಪಟ್ಟ ಎನ್ನುವುದು ವಸಂತದಲ್ಲಿ ತಿಳಿಯಿತು. ಬಯಲನ್ನು ಕೊಂಡಿದ್ದ ಮನೆ ಕಟ್ಟುವ ಕಂಪನಿಯೇ ಆ ಕ್ಲೈಂಟು. ನಕ್ಷೆಯಲ್ಲಿ ಖಾಲಿ ಇರುವ ಜಾಗದಿಂದ ಯಾರನ್ನು ಎಬ್ಬಿಸಿ ಎಂದು ಕೋರ್ಟನ್ನು ಕೇಳುವುದು? ಈಗ ಎಬ್ಬಿಸಲು ಜನ ಸಿಕ್ಕಿದ್ದರು, ಯಾರು ಎಲ್ಲಿ ಎಂಬ ಪುರಾವೆ ಸಮೇತ. ಕಾರವಾನುಗಳ ಬಾಗಿಲಿಗೆ ಕೋರ್ಟಿನ ನೋಟೀಸು ಅಂಟಿಸಿದರು. ಅದರ ಬೆನ್ನಿಗೆ ಸಾವಿತ್ರಿಯ ನಕ್ಷೆ. ಅವಳು ಗುರುತಿಸಿದ ಒಂದೊಂದು ಕಾರವಾನಿನ ಸುತ್ತಲೂ ಕೆಂಪು ಗೆರೆ ಎಳೆದು 'ಅನಧಿಕೃತ' ಎಂದು ಬರೆದಿದ್ದರು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರಲ್ಲ, ಹಾಗಾಯಿತು ಅವಳ ಕಥೆ.

"ನಾನು ಇದಕ್ಕಾ ಅಳತೆ ಮಾಡಿದ್ದು?" ಎಂದು ಶ್ರೀಹರ್ಷನ ಮುಂದೆ ಕೂಗಾಡಿದಳು.

"ಡೇಟಾ ನಿಂದಲ್ಲ, ಕಂಪನೀದು," ಎಂದ ಅವನು ತಣ್ಣಗೆ. "ನಿನ್ನ ವರ್ಕ್ ಪರ್ಮಿಟ್ಟೂ ಕಂಪನಿ ಕೈಲೇ ಐತೆ. ಸುಮ್ನೆ ಕೆಲ್ಸ ನೋಡು."

ಸಾವಿತ್ರಿ ತನ್ನ ಮೇಜಿಗೆ ಮರಳಿದಳು. ತಂಗಿಯ ಓದು, ಊರಿನ ಮನೆಯ ಸಾಲ, ಎಲ್ಲವೂ ಆ ಪರ್ಮಿಟ್ಟಿನ ಮೇಲೆ ನಿಂತಿದ್ದವು.

ಎಬ್ಬಿಸುವ ದಿನ ಅವಳು ರಜೆ ಹಾಕಿ ಹೋದಳು. ಒಳಗೆ ಹೋಗದೆ ರಸ್ತೆಯಲ್ಲೇ ನಿಂತಳು. ಟ್ರಕ್ಕುಗಳು ಕಾರವಾನುಗಳನ್ನು ಎಳೆದುಕೊಂಡು ಹೊರಟವು. ವಿನ್ನಿಯದು ಹಳೆಯದು, ಎಳೆಯುವಾಗ ಅಚ್ಚು ಮುರಿದು ಪಕ್ಕಕ್ಕೆ ವಾಲಿತು. ಒಳಗಿನ ಪಿಂಗಾಣಿ ತಟ್ಟೆಗಳು ಒಡೆದ ಸದ್ದು ರಸ್ತೆಯವರೆಗೂ ಕೇಳಿಸಿತು. ಮಾರ್ಟಿನ್ ಮದುವೆಯಲ್ಲಿ ಕೊಟ್ಟ ತಟ್ಟೆಗಳವು.

ವಿನ್ನಿ ತಾನಾಗಿಯೇ ಇವಳ ಹತ್ತಿರ ಬಂದಳು. "ಅಳ್ಬೇಡ. ನೀನು ಒಳ್ಳೇದಕ್ಕೇ ಮಾಡ್ದೆ," ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕುಟುಂಬಗಳು ಚದುರಿದವು. ವಿನ್ನಿಗೆ ಹೆದ್ದಾರಿಯ ಪಕ್ಕ, ಲಾರಿಗಳು ನಿಲ್ಲುವ ಜಾಗದಲ್ಲಿ ಮಗಳ ವ್ಯಾನೇ ಮನೆಯಾಯಿತು. ಸಾವಿತ್ರಿ ರಜೆಯ ದಿನ ಅನ್ನ, ಸಾರು ಕಟ್ಟಿಕೊಂಡು ಹೋಗುತ್ತಿದ್ದಳು. ಖಾರಕ್ಕೆ ವಿನ್ನಿಯ ಕಣ್ಣು ಒದ್ದೆಯಾಗುತ್ತಿತ್ತು, ಆದರೂ ಬಿಡದೆ ಉಣ್ಣುತ್ತಿದ್ದಳು.

ಮರುವರ್ಷ ಸಾವಿತ್ರಿಯ ಮೇಜಿಗೆ ಹೊಸ ಕೆಲಸ ಬಂತು. ಕ್ವಾರಿಯ ಹಿಂದೆ ಮನೆಗಳು ಎದ್ದಿವೆ, ವಿಳಾಸ ಸೇರಿಸಬೇಕು. ಬಡಾವಣೆಯ ಹೆಸರು: ನೋರಾಸ್ ಗ್ರೀನ್.

"ಏನಿದು?" ಎಂದಳು.

"ಹೊಸ ಬಡಾವಣೆಗೆ ಲೋಕಲ್ ಹಳೇ ಹೆಸರು ಇಡಬೇಕಂತೆ," ಎಂದ ಶ್ರೀಹರ್ಷ. "ನಿನ್ನ ನಕ್ಷೇಲಿ ಸಿಕ್ತಂತೆ. ಚೆನ್ನಾಗೈತೆ ಅಲ್ವಾ?"

ಜನ ಬೇಡ, ಜನರ ಹೆಸರು ಬೇಕು. ಸಾವಿತ್ರಿ ಕಂಪ್ಯೂಟರು ಮುಚ್ಚಿದಳು. "ಈ ವಿಳಾಸ ನಾನು ಹಾಕಲ್ಲ. ಪರ್ಮಿಟ್ಟು ಏನಾದ್ರೂ ಮಾಡ್ಕೋ," ಎಂದು ಕೋಟು ಎತ್ತಿಕೊಂಡು ಹೊರಬಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅವಳೂ ವಿನ್ನಿಯೂ ಬಡಾವಣೆಯ ಬಾಗಿಲಲ್ಲಿದ್ದರು. ಕರಿಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿ ನೋರಾಳ ಹೆಸರು. ಒಳಗೆ, ಯಾರೂ ಒಲೆ ಹೂಡದ ನೆಲದ ಮೇಲೆ, ಮಾದರಿ ಮನೆಯ ಅಡುಗೆಕೋಣೆ ಹೊಳೆಯುತ್ತಿತ್ತು. ವಿನ್ನಿ ಕಲ್ಲಿನ ಮೇಲೆ ಕೈಯಾಡಿಸಿದಳು.

ಕಾವಲುಗಾರ ಬಂದ. "ಮನೆ ನೋಡೋಕೆ ಬಂದ್ರಾ? ಇಲ್ದಿದ್ರೆ ಇಲ್ಲಿ ನಿಲ್ಲೋ ಹಾಗಿಲ್ಲ."

"ಈ ನೋರಾ ಯಾರು?" ಎಂದು ವಿನ್ನಿ ಕೇಳಿದಳು.

"ನಂಗೇನ್ ಗೊತ್ತು? ಹಿಂದಿನ ಕಾಲದ ಯಾರೋ ಸಾಹುಕಾರ್ತಿ ಇರ್ಬೇಕು."

"ನಾನು ಅವಳ ಸೊಸೆ," ಎಂದು ವಿನ್ನಿ ಆ ಕಲ್ಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಸಾವಿತ್ರಿಯೂ ಪಕ್ಕದಲ್ಲಿ ಕೂತಳು. ವಿನ್ನಿ ಫೋನಿನಲ್ಲಿ ಮಗಳಿಗೆ ಹೇಳಿದಳು, "ಎಲ್ಲರನ್ನೂ ಕರ್ಕೊಂಡು ಬಾ. ನೋರಾಳ ಬಯಲಿಗೆ."

ಕಾವಲುಗಾರ ಪೊಲೀಸರಿಗೆ ಫೋನ್ ಮಾಡಿದ. "ನೋರಾಸ್ ಗ್ರೀನ್," ಎಂದ. ಸಾವಿತ್ರಿಯ ಹಳೆಯ ನಕ್ಷೆಯಿಂದಲೇ ಹೆಸರು ಕಂಪ್ಯೂಟರಿಗೆ ಸೇರಿತ್ತು, ಅತ್ತ ಕಡೆಯವರು ಎರಡನೇ ಸಲ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೇ ಸೈರನ್ ಕೇಳಿಸಿತು. ವಿನ್ನಿ ಬೆಚ್ಚಿ ಸಾವಿತ್ರಿಯ ಕೈ ಹಿಡಿದಳು. ಸದ್ದು ಕ್ವಾರಿಯ ಆಚೆ ಬದಿಗೆ ಹೋಗುತ್ತದೇನೋ ಎಂದು ಉಸಿರು ಬಿಗಿಹಿಡಿದು ಕೇಳಿದಳು. ಹೋಗಲಿಲ್ಲ. ಕಾರು ಎಲ್ಲೂ ದಾರಿ ತಪ್ಪದೆ ನೆಟ್ಟಗೆ ಇವರ ಕಡೆಗೇ ಬಂತು.

"ನೋಡ್ದ್ಯಾ ಮಗಾ," ಎಂದಳು ವಿನ್ನಿ. "ಈಗ ದಾರಿ ಗೊತ್ತು ಅವರಿಗೆ."

ಇಬ್ಬರೂ ಏಳಲಿಲ್ಲ.