ಆಗೋಯ್ತು

ಹಸಿರು, ಮತ್ತೆ ಹಸಿರು, ತಂತ್ರಾಂಶದ ತಪ್ಪು ಹಿಡಿಯುವ ಪರೀಕ್ಷೆಗಳ ಸಾಲೆಲ್ಲ ಹಸಿರು — ನಿನ್ನೆ ಸಂಜೆ ಇದೇ ಪರದೆಯಲ್ಲಿ ಒಂದು ಕೆಂಪಗೆ ಉರಿಯುತ್ತಿತ್ತಲ್ಲ, ತಾನಾಗಿ ವಾಸಿಯಾಗಲು ಅದೇನು ನೆಗಡಿಯೇ, ಅವಳು ಕಡತ ತೆರೆದಳು, ಆ ಪರೀಕ್ಷೆಯನ್ನೇ ಯಾರೋ ಕಿತ್ತುಹಾಕಿದ್ದರು, ಯಾರೋ ಏನು ಬಂತು, ಆಗೋಯ್ತು ಸಾಹೇಬರೇ, ತಂಡದ ಮುಖ್ಯಸ್ಥರು, ಏನು ಕೇಳಿದರೂ ಆಗೋಯ್ತು ಬಿಡಿ ಎನ್ನುವ ಬಾಯಿಗೆ ಕಚೇರಿಯೆಲ್ಲ ಸೇರಿ ಇಟ್ಟ ಹೆಸರು. ಆಸ್ಪತ್ರೆಯ ದಾಖಲೆಗಳು ನಕಲಾಗಿ ಮೂರು ಯಂತ್ರಗಳಲ್ಲೂ ಕೂರುತ್ತವೆ, ಅವುಗಳೊಡನೆ ಮಾತಾಡುವುದು ಅವಳು ಬರೆದ ಲೈಬ್ರರಿ ಎಂಬ ಕೋಡಿನ ಕಟ್ಟು, ಕನಿಷ್ಠ ಎರಡು ಯಂತ್ರ ಬರೆದುಕೊಂಡೆ ಎನ್ನುವ ತನಕ ಅದು ಉಳಿಸಲಾಗಿದೆ ಎಂದು ಬಾಯಿ ಬಿಡಬಾರದೆಂದು ವಾರಗಟ್ಟಲೆ ಗುದ್ದಾಡಿ ಒಂದು ಸಾಲು ಕೂರಿಸಿದ್ದಳು, ಮೊದಲು ಆ ಸಾಲು ಕಿತ್ತರು, ಪರೀಕ್ಷೆ ಬೊಬ್ಬೆ ಹೊಡೆಯಿತು, ಪರೀಕ್ಷೆಯ ಬಾಯಿಯನ್ನೂ ಮುಚ್ಚಿಸಿದರು, ಈಗ ಒಂದೇ ಯಂತ್ರ ಹೂಂ ಅಂದರೆ ಸಾಕು, ಲೈಬ್ರರಿಯೂ ಆಗೋಯ್ತು ಎನ್ನುತ್ತದೆ, ಅಪ್ಪನಿಗೆ ತಕ್ಕ ಮಗ. ಸಾರ್, ಉಳಿದೆರಡಕ್ಕೆ ತಲುಪೋ ಮುಂಚೆ ಆ ಒಂದು ಯಂತ್ರ ಕೆಟ್ರೆ? ಕೆಡಲ್ಲ ಬಿಡಮ್ಮ, ಎರಡಕ್ಕೂ ಕಾದು ನಿಧಾನ ಆದ್ರೆ ಆಸ್ಪತ್ರೆಯವರು ಎದ್ದು ಹೋಗ್ತಾರೆ, ಇವತ್ತು ತೋರ್ಸೋದು ಮುಖ್ಯ, ಆಮೇಲೆ ಸರಿ ಮಾಡ್ಕೊಳ್ಳೋಣ — ಆಮೇಲೆ, ಯಾರು ಸತ್ತ ಆಮೇಲೆ, ಅದೇ ಆಸ್ಪತ್ರೆಯಲ್ಲಿ ಅಕ್ಕ ನರ್ಸು, ಊಟದ ತಟ್ಟೆ ಮುಂದೆ ಕೂತು ಹೇಳಿದ್ದಳು, ಯಾವ ಔಷಧಿ ಆಗಲ್ಲ ಅಂತ ಪರದೆಯಲ್ಲಿ ಇಲ್ಲ ಅಂದ್ರೆ ನಮ್ಮ ಪಾಲಿಗೆ ಇಲ್ಲ ಕಣೇ, ರೋಗಿಗೆ ಪ್ರಜ್ಞೆ ಇಲ್ಲದಿದ್ರೆ ಯಾರನ್ನ ಕೇಳ್ಲಿ, ಸೂಜಿ ಹಿಡ್ಕೊಂಡು ನಿಂತಿರೋಳು ನಾನು.

ಸಭೆಯ ಕೋಣೆ, ಆಸ್ಪತ್ರೆಯಿಂದ ಬಂದ ಡಾಕ್ಟರಮ್ಮ ಎದುರಿಗೆ, ಆಗೋಯ್ತು ನಗುನಗುತ್ತಾ ಗೋಡೆಯ ದೊಡ್ಡ ಪರದೆಯಲ್ಲಿ ರೋಗಿಯೊಬ್ಬನ ಹಳೆಯ ದಾಖಲೆ ತೆರೆದು, ಅಲರ್ಜಿ ಎಂಬಲ್ಲಿ ಪೆನಿಸಿಲಿನ್ ಎಂದು ಸೇರಿಸಿ ಗುಂಡಿ ಒತ್ತುತ್ತಾರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿಸಲಾಗಿದೆ ಎಂದು ಬರುತ್ತದೆ, ನೋಡಿದ್ರಾ ಮೇಡಂ, ಎಷ್ಟು ಫಾಸ್ಟು — ಅವಳು ಎದ್ದಳು, ಎದ್ದದ್ದು ಕಾಲೋ ಕೋಪವೋ, ಮೂಲೆಯ ಮೇಜಿನ ಮೂರು ಯಂತ್ರಗಳಲ್ಲಿ ಈಗಷ್ಟೇ ಹೂಂ ಅಂದದ್ದು ಯಾವುದೆಂದು ಅವಳಿಗೆ ಗೊತ್ತು, ಉಳಿದೆರಡು ಹಿಂದಿನ ನಕಲುಗಳನ್ನೇ ಮುಗಿಸಲಾಗದೆ ಏದುಸಿರು ಬಿಡುತ್ತಿವೆ, ಹೂಂ ಅಂದದ್ದರ ಪ್ಲಗ್ಗಿಗೆ ಕೈಹಾಕಿ ಎಳೆದೇಬಿಟ್ಟಳು. ಏನ್ರೀ, ತಲೆ ಕೆಟ್ಟಿದೆಯಾ? ಕರೆಂಟ್ ಹೋಯ್ತು ಅಂದ್ಕೊಳ್ಳಿ ಸಾರ್, ಈಗ ಅದೇ ರೋಗೀನ ತೆಗೀರಿ. ಅವರು ತೆಗೆಯಲಿಲ್ಲ, ಡಾಕ್ಟರಮ್ಮನೇ ಮೌಸ್ ಎಳೆದುಕೊಂಡರು, ಹೆಸರಿದೆ, ವಯಸ್ಸಿದೆ, ಅಲರ್ಜಿ ಎಲ್ಲಿದೆಯಮ್ಮ? ಬರ್ದಾಯ್ತು ಅಂತ ಸುಳ್ಳು ಹೇಳ್ತು ಮೇಡಂ. ಡಾಕ್ಟರಮ್ಮ ಕುರ್ಚಿ ಹಿಂದೆ ಸರಿಸಿದರು, ಇದನ್ನ ನಮ್ಮ ವಾರ್ಡಿಗೆ ತರಬೇಡಿ, ಸರಿ ಮಾಡಿ ಆಮೇಲೆ ಕರೀರಿ, ನಡೆದೇಬಿಟ್ಟರು, ಕಿವಿಯ ಹತ್ತಿರ ಆಗೋಯ್ತು ಅವರ ಬಿಸಿಯುಸಿರು, ನಾಳೆಯಿಂದ ಬರೋದು ಬೇಡ ನೀವು — ಹೋಗಲಿ, ಹಾಳಾಗಿ ಹೋಗಲಿ ಈ ಕೆಲಸ, ಗೆದ್ದೆ ಅನ್ನಿಸುವುದಿಲ್ಲ, ಕೋಪ ಇಳಿಯುವುದೂ ಇಲ್ಲ, ಈ ಮನುಷ್ಯನಿಗೆ ಇನ್ನೂ ಹೋದ ಗಿರಾಕಿಯದೇ ಚಿಂತೆ, ಒಮ್ಮೆ ತಿರುಗಿ ನೋಡಬಾರದೇ, ಅಲ್ಲೇ ಇದೆ ಗೋಡೆಯ ಮೇಲೆ ಆಳುದ್ದ, ಅಲರ್ಜಿ ಎಂಬ ಪದ, ಪಕ್ಕದಲ್ಲಿ ಚೌಕ, ಬಿಳೀ ಚೌಕ, ಅಲರ್ಜಿ, ಚೌಕ, ಖಾಲಿ