ಟಾರ್ಕೂನಿ ನಿಲ್ದಾಣದ ಗೋದಾಮು

ಟಾರ್ಕೂನಿಯಲ್ಲಿ ಯಾವಾಗಲೂ 1952ರ ಅಕ್ಟೋಬರ್ ತಿಂಗಳು. ಗೋಧಿ ಇನ್ನೂ ಪೂರ್ತಿ ಬಲಿತಿಲ್ಲ, ಮಳೆ ಬಂದು ಬಹಳ ದಿನವಾಗಿದೆ, ಮಧ್ಯಾಹ್ನದ ಗಾಡಿ ಇನ್ನೇನು ಬರುವುದರಲ್ಲಿದೆ. ಬರುತ್ತದೆ, ನಿಲ್ಲುತ್ತದೆ, ಯಾರೂ ಇಳಿಯುವುದಿಲ್ಲ, ಹೋಗುತ್ತದೆ. ಯಾರೂ ಇಳಿಯದಿರುವುದಕ್ಕೆ ಕಾರಣ ಇಷ್ಟೇ: ಅಲ್ಲಿ ಯಾರಾದರೂ ಇಳಿಯುತ್ತಿರುವ ಫೋಟೋ ಈವರೆಗೆ ಸಿಕ್ಕಿಲ್ಲ.

ಈ ಟಾರ್ಕೂನಿ ಇರುವುದು ಹತ್ತಿರದ ಊರಿನವರು ಸಭೆ ಸೇರುವ ಹಳೆಯ ಇನ್‌ಸ್ಟಿಟ್ಯೂಟ್ ಹಾಲಿನಲ್ಲಿ, ಸೊಂಟದೆತ್ತರದ ಮೇಜುಗಳ ಮೇಲೆ, ನಿಜದ ಎಂಬತ್ತೇಳರಲ್ಲಿ ಒಂದು ಪಾಲಿನಷ್ಟು ಗಾತ್ರದಲ್ಲಿ. ನಿಜವಾದ ಟಾರ್ಕೂನಿ ಅಲ್ಲಿಂದ ಅರ್ಧ ಗಂಟೆಯ ದಾರಿ. ಸಣ್ಣ ಹಳಿಯ ಆ ರೈಲು ನಿಂತಮೇಲೆ ಹಳಿಗಳನ್ನು ಕಿತ್ತರು, ನಿಲ್ದಾಣವನ್ನು ಯಾರೋ ಕುರಿದೊಡ್ಡಿಗೆಂದು ಬಿಚ್ಚಿಕೊಂಡು ಹೋದರು. ಮಾದರಿ ರೈಲು ಸಂಘದ ಒಬ್ಬರೂ ಅಲ್ಲಿಗೆ ಹೋಗುವುದಿಲ್ಲ. ಅದು ಅಧ್ಯಕ್ಷರಾದ ಕ್ಲೆಮ್ ಟ್ರೆಂಬಾತ್ ಅವರ ಕಟ್ಟಳೆ. "ಈಗಿನದ್ದನ್ನ ನೋಡಿದ್ರೆ ಕಣ್ಣು ಕೆಡುತ್ತೆ," ಎನ್ನುತ್ತಾರೆ. "ನಾವು ಕಟ್ತಿರೋದು ಐವತ್ತೆರಡು. ಈಗಿನದ್ದು ಬೇಕಾದವರು ಕಿಟಕಿಯಿಂದ ಹೊರಗೆ ನೋಡ್ಲಿ."

ಕ್ಲೆಮ್ ಜೀವಮಾನವೆಲ್ಲ ಗೋಧಿ ತುಂಬಿಡುವ ಸೈಲೋಗಳಲ್ಲಿ ದುಡಿದು ನಿವೃತ್ತರಾದವರು. ಅವರ ಎರಡನೆಯ ಕಟ್ಟಳೆ ಮೊದಲನೆಯದಕ್ಕಿಂತ ಗಟ್ಟಿ: ಫೋಟೋ ಇಲ್ಲದೆ ಒಂದು ಬಕೆಟ್ಟನ್ನೂ ಇಡುವಂತಿಲ್ಲ. ಸದಸ್ಯನೊಬ್ಬ ಪ್ಲಾಟ್‌ಫಾರ್ಮಿನ ಮೇಲೆ ಒಮ್ಮೆ ಸೈಕಲ್ಲೊಂದನ್ನು ಒರಗಿಸಿ ಇಟ್ಟಿದ್ದ. ಕ್ಲೆಮ್ ಅದನ್ನು ಚಿಮುಟದಿಂದ ಎತ್ತಿ, ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿದ್ದರು.

ಟ್ಯಾಮ್ಸಿನ್ ಪಾಸ್ಕೊ ಈ ಸಂಘಕ್ಕೆ ಸೇರಿದ್ದು ಒಂದು ಮರವನ್ನು ನೆಡಲು. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಕೆಲಸ ಅವಳದು. ಮಾತು ಅಷ್ಟಾಗಿ ಬಾರದಿದ್ದರೂ ಅಲ್ಲಿ ನಡೆಯುತ್ತದೆ, ಬರುವವರಿಗೂ ಬಾಯಿ ನೋಯುತ್ತಿರುತ್ತದೆ. ಹಲ್ಲು ಕೆದಕುವ, ಮೊನೆ ಹೋದ ಉಕ್ಕಿನ ಕಡ್ಡಿಗಳನ್ನು ಅಲ್ಲಿಂದ ತಂದು, ಅವುಗಳಿಂದ ತಾಮ್ರದ ತಂತಿ ಹೊಸೆದು, ಅವಳು ಮೆಣಸಿನಂಥ ಕಾಳು ಬಿಡುವ ಒಂದು ಪೆಪ್ಪರ್ ಮರವನ್ನು ಮಾಡಿದ್ದಳು. ಜೋತುಬಿದ್ದ ಎಲೆ, ನಡುನಡುವೆ ಗುಲಾಬಿ ಕಾಳು. ಸಭೆಯಲ್ಲಿ ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿ ತುಂಬಾ ಹೊಗಳಿದರು.

"ಫೋಟೋ?" ಎಂದರು ಕ್ಲೆಮ್.

"ಇಲ್ಲ. ನಮ್ಮಜ್ಜಿ ಹೇಳ್ತಾಳೆ. ಅವಳು ಹುಟ್ಟಿ ಬೆಳೆದಿದ್ದು ಅಲ್ಲೇ. ಅವಳಪ್ಪ ಹಳಿ ಗ್ಯಾಂಗಿನ ಮೇಸ್ತ್ರಿ."

"ಅಜ್ಜಿಗೆ ಈಗೆಷ್ಟು ವಯಸ್ಸು?"

ಟ್ಯಾಮ್ಸಿನ್ ಹೇಳಿದಳು. ಎಲ್ಲರೂ ಮೆತ್ತಗೆ ತಲೆಯಾಡಿಸಿದರು. ಆ ತಲೆಯಾಟ ಅವಳಿಗೆ ಹೊಸದಲ್ಲ. ಅಜ್ಜಿ ಎನಿಡ್ ಈಚೆಗೆ ಚಹಾದ ಕುಡಿಕೆಯನ್ನು ಫ್ರಿಜ್ಜಿನಲ್ಲಿಡುತ್ತಾಳೆ, ಟ್ಯಾಮ್ಸಿನ್‌ಳನ್ನು ಅವಳ ದೊಡ್ಡಮ್ಮನ ಹೆಸರಿನಿಂದ ಕರೆಯುತ್ತಾಳೆ. ಹಾಗಾಗಿ ಅವಳು ಏನು ಹೇಳಿದರೂ ಮನೆಯವರು ಹೂಂಗುಡುತ್ತಾರೆ. ಹೊರಗೆ ಬಿಸಿಲು ಅಂದರೆ ಹೂಂ, ಮಳೆ ಅಂದರೂ ಹೂಂ. ಅಜ್ಜಿಗೆ ಅದು ಗೊತ್ತಾಗುತ್ತದೆ. ಆಗ ಅವಳು ಅರ್ಧ ಮಾತಿನಲ್ಲಿ ನಿಲ್ಲಿಸಿ ಕೈ ನೋಡಿಕೊಳ್ಳುತ್ತಾಳೆ. ಆ ಮರದ ಮಾತೊಂದನ್ನು ಮಾತ್ರ ಅವಳು ಎಂದೂ ಅದಲುಬದಲು ಮಾಡಿರಲಿಲ್ಲ. ಅದೊಂದಾದರೂ ಹೂಂಗುಡದವರ ನಡುವೆ ನಿಜವಾಗಿ ನಿಲ್ಲಬೇಕು ಎಂಬುದೇ ಟ್ಯಾಮ್ಸಿನ್‌ಳ ಆಸೆ. ಇದನ್ನು ಅವಳು ಡೈರಿಯಲ್ಲಿ ಚೆನ್ನಾಗಿ ಬರೆದಿದ್ದಳು. ಸಭೆಯಲ್ಲಿ ಹೇಳಲು ಹೋದಾಗ "ಸರಿ, ಪರವಾಗಿಲ್ಲ" ಎಂದಷ್ಟೇ ಬಂತು. ಮರ ಬಿಸ್ಕತ್ತಿನ ಡಬ್ಬಿಗೆ ಮರಳಿತು.

ಮರಕ್ಕೆ ಜಾಗವೂ ಇರಲಿಲ್ಲ ಅನ್ನಿ. ಅಜ್ಜಿ ಹೇಳುವ ಜಾಗದಲ್ಲಿ ಗೋದಾಮು ನಿಂತಿತ್ತು. ಇಡೀ ಟಾರ್ಕೂನಿಯ ಕಳಶ ಅದು. ಕ್ಲೆಮ್ ಎರಡು ಚಳಿಗಾಲ ಕೂತು ಹಲಗೆ ಹಲಗೆಯಾಗಿ ಕಟ್ಟಿದ್ದರು. ತಗಡಿನ ಮಾಡಿಗೆ ತುಕ್ಕಿನ ಬಣ್ಣ ಹಚ್ಚುವಾಗ ಯಾರನ್ನೂ ಮಾತಾಡಲು ಬಿಟ್ಟಿರಲಿಲ್ಲ. ಅದಕ್ಕೆ ಫೋಟೋ ಇತ್ತು. ತೀರಿಕೊಂಡ ಹಳೆಯ ಸದಸ್ಯರೊಬ್ಬರ ಪೆಟ್ಟಿಗೆಯಲ್ಲಿ ಸಿಕ್ಕ ಬೆಂಕಿಪೊಟ್ಟಣದಗಲದ ಕಪ್ಪು ಬಿಳುಪು ಫೋಟೋ, ಹಿಂದೆ ಪೆನ್ಸಿಲಿನಲ್ಲಿ "ಟಾರ್ಕೂನಿ, ಗೋದಾಮು."

ಆ ಫೋಟೋದಲ್ಲಿ ಮಾಡಿನ ಮೇಲೆ ಕಪ್ಪಗೆ ಏನೋ ಕೂತಿತ್ತು. ಅದು ಕಾಗೆ ಎಂದು ಒಂದು ಪಕ್ಷ, ಒಳಗಿನ ಬಿಸಿಗಾಳಿ ಹೊರಬಿಡುವ ಗಾಳಿಗೂಡು ಎಂದು ಇನ್ನೊಂದು ಪಕ್ಷ. ಒಂದು ವರ್ಷ ಎರಡೂ ಪಕ್ಷದವರು ಬೇರೆ ಬೇರೆ ಮೇಜಿನಲ್ಲಿ ಲ್ಯಾಮಿಂಗ್ಟನ್ ಕೇಕು ತಿಂದರು. ಕೊನೆಗೆ ವಿದ್ಯುತ್ ಕೆಲಸ ನೋಡಿಕೊಳ್ಳುವ ನೋಯೆಲ್ ಶಿರ್ಮರ್ ಭೂತಗನ್ನಡಿ ಹಿಡಿದು, ಅದರ ಎರಡೂ ಮಗ್ಗುಲಲ್ಲಿ ಸಣ್ಣ ಪಟ್ಟಿಗಳು ಕಾಣುತ್ತವೆ, ಆದ್ದರಿಂದ ಗಾಳಿಗೂಡೇ ಸೈ ಎಂದು ತೀರ್ಪಿತ್ತರು. ಹಿತ್ತಾಳೆಯಲ್ಲಿ ಪಟ್ಟಿ ಸಮೇತ ಅದನ್ನು ಮಾಡಿ ಕೂರಿಸಿದವರೂ ಅವರೇ.

ಊರಿನ ವಾರ್ಷಿಕ ಶೋ ಹತ್ತಿರ ಬಂತು. ಗೋದಾಮಿನ ಫೋಟೋವನ್ನು ದೊಡ್ಡದು ಮಾಡಿಸಿ ಮಾದರಿಯ ಪಕ್ಕ ನಿಲ್ಲಿಸಬೇಕು, ನೋಡಿದವರು ಬಾಯಿ ಮುಚ್ಚಬೇಕು ಎಂದು ಕ್ಲೆಮ್ ಟ್ಯಾಮ್ಸಿನ್‌ಗೆ ಹೇಳಿದರು. ಅವಳು ಅದನ್ನು ಸ್ಕ್ಯಾನ್ ಮಾಡಿಸಿ, ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ, ಮನೆಯ ಅಡುಗೆಮೇಜಿನ ಮೇಲೆ ಹರಡಿದಳು.

ಗಾಳಿಗೂಡಿಗೆ ಆರು ಕಾಲುಗಳಿದ್ದವು.

ಅವಳು ಚಹಾ ಮಾಡಿಕೊಂಡು ಬಂದು ಮತ್ತೆ ನೋಡಿದಳು. ಆರೇ. ಪಟ್ಟಿಗಳೆಂದು ನೋಯೆಲ್ ಕಂಡಿದ್ದು ರೆಕ್ಕೆಯ ನರಗಳು. ಗೋದಾಮಿನ ಮಾಡಿನ ಮೇಲೆ, ಕುರಿ ಕಾಯುವ ನಾಯಿಯಷ್ಟು ದೊಡ್ಡ ನೊಣವೊಂದು ಕೂತು ಮುಂಗಾಲು ಉಜ್ಜಿಕೊಳ್ಳುತ್ತಿತ್ತು. ನೊಣ ಅಷ್ಟು ದೊಡ್ಡದಿರಲು ಸಾಧ್ಯವಿಲ್ಲ. ಹಾಗಾದರೆ ಗೋದಾಮೇ ಅಷ್ಟು ಚಿಕ್ಕದು. ತೀರಿಕೊಂಡ ಆ ಸದಸ್ಯ ತನ್ನ ಕಾಲದಲ್ಲಿ ಮನಸ್ಸಿಗೆ ಬಂದಂತೆ ಒಂದು ಮಾದರಿ ಕಟ್ಟಿ, ಅದರ ಫೋಟೋ ತೆಗೆದಿದ್ದ. ಇವರು ಎರಡು ಚಳಿಗಾಲ ಕೂತು ಆ ಮಾದರಿಯ ಮಾದರಿ ಕಟ್ಟಿದ್ದರು.

ಶನಿವಾರ ಯಾರೂ ಬರುವ ಮೊದಲೇ ಟ್ಯಾಮ್ಸಿನ್ ಹಾಲಿಗೆ ಹೋದಳು. ಕ್ಲೆಮ್ ಒಬ್ಬರೇ ಹಳಿ ಒರೆಸುತ್ತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಬಾಗಿಲಲ್ಲೇ ಉದುರಿಹೋದವು. ಅವಳು ಸುರುಳಿ ಬಿಚ್ಚಿ, ಬೆರಳಿಟ್ಟು ತೋರಿಸಿದಳು.

ಕ್ಲೆಮ್ ಕನ್ನಡಕ ಹಾಕಿಕೊಂಡರು. ತೆಗೆದರು. ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇದು ನೊಣ," ಎಂದರು.

"ಹೌದು."

"ನೋಯೆಲ್‌ಗೆ ಹೇಳಿದ್ಯಾ?"

"ಇಲ್ಲ."

"ಅವನು ಆ ಹಿತ್ತಾಳೆ ಕೆಲಸಕ್ಕೆ ಇನ್ನೊಂದು ಊರಿನ ಶೋದಲ್ಲಿ ಬಹುಮಾನ ತಗೊಂಡಿದಾನೆ." ಕ್ಲೆಮ್ ಗೋದಾಮಿನ ಕಡೆ ನೋಡಿದರು. "ನೀನು ಇದನ್ನ ಸುಟ್ಟುಬಿಡಬಹುದಿತ್ತಲ್ಲ, ಹುಡುಗಿ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಮ್ಮಜ್ಜಿ ಅಲ್ಲಿ ಮರ ಇತ್ತು ಅಂತಾಳೆ," ಎಂದಳು ಟ್ಯಾಮ್ಸಿನ್. "ಅವಳು ಹೇಳೋದನ್ನ ಯಾರೂ ನಂಬಲ್ಲ. ನೀವು ನೊಣ ನಂಬಿದ್ರಿ."

ಹೇಳಿದಮೇಲೆ ಅವಳಿಗೇ ಗಾಬರಿಯಾಯಿತು. ಕ್ಲೆಮ್ ಹಳಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ತಮ್ಮ ಕಾರಿನ ಕೀಲಿ ತೆಗೆದುಕೊಂಡರು.

ನಿಜವಾದ ಟಾರ್ಕೂನಿಗೆ ಅವರಿಬ್ಬರೂ ಹೋದರು. ಬೇಲಿಯ ಗೇಟು ತೆಗೆಯಲು ಟ್ಯಾಮ್ಸಿನ್ ಇಳಿದಳು. ಕ್ಲೆಮ್ ಗಾಡಿಯಲ್ಲೇ ಕೂತರು, ಮುಂದಿನ ಗಾಜಿನ ಕಡೆ ನೋಡದೆ ಸ್ಟೀರಿಂಗ್ ನೋಡುತ್ತ.

"ಇದೆಯಾ?" ಎಂದು ಕೂಗಿದರು.

"ನೀವೇ ಬಂದು ನೋಡಿ."

ಇತ್ತು. ಸುತ್ತ ಗೋಧಿ, ನಡುವೆ ಮುರಿದ ಪ್ಲಾಟ್‌ಫಾರ್ಮಿನ ಅಂಚು, ಅದರ ಮಗ್ಗುಲಲ್ಲಿ ಮನೆಯಷ್ಟು ದೊಡ್ಡ ಪೆಪ್ಪರ್ ಮರ. ಬೊಡ್ಡೆ ಇಬ್ಬರ ತೆಕ್ಕೆಗೂ ಸಿಗುವಂತಿರಲಿಲ್ಲ. ನೆರಳಿನಲ್ಲಿ ಯಾರದೋ ಕುರಿಗಳು ಮಲಗಿದ್ದವು. ಕ್ಲೆಮ್ ಮರದ ಸುತ್ತ ಕಾಲಿನಿಂದ ಮಣ್ಣು ಕೆದಕುತ್ತ ತಿರುಗಿದರು. ಅಡಿಪಾಯವಿಲ್ಲ, ಒಂದು ಇಟ್ಟಿಗೆಯಿಲ್ಲ, ಮೊಳೆಯಿಲ್ಲ. ಕೊನೆಗೆ ಕುರಿಗಳ ಪಕ್ಕದಲ್ಲೇ ಕೂತರು.

"ಇಷ್ಟು ಹತ್ತಿರ," ಎಂದರು. ಆಮೇಲೆ, "ನಿನ್ನ ಮರ ಚಿಕ್ಕದಾಯ್ತು."

"ಗೊತ್ತಾಯ್ತು."

ಮಧ್ಯಾಹ್ನದ ಸಭೆಯಲ್ಲಿ ಕ್ಲೆಮ್ ಎದ್ದುನಿಂತು, ತಾವು ಕಂಡುಬಂದ ಮರದ ವಿಷಯ ಹೇಳಿ, ಗೋದಾಮನ್ನು ತೆಗೆಯಬೇಕೆಂದು ತಾವೇ ಸೂಚಿಸಿದರು. ಹರಡಿದ ದೊಡ್ಡ ಫೋಟೋದ ಸುತ್ತ ಎಲ್ಲರೂ ಬಾಗಿದರು.

"ನಾನು ನೊಣ ಕೆತ್ತಿದ್ನಾ?" ಎಂದರು ನೋಯೆಲ್.

"ನೊಣ ಅಲ್ಲ ಮಾರಾಯ, ಗಾಳಿಗೂಡು ಕೆತ್ತಿದೆ. ಚೆನ್ನಾಗೇ ಕೆತ್ತಿದೆ," ಎಂದರು ಕ್ಲೆಮ್.

"ಕಾಗೆ ಅಂದವರಿಗಿಂತ ನಾನು ಹತ್ತಿರ ಇದ್ದೆ ತಾನೆ?"

"ಕಾಗೆಗೂ ರೆಕ್ಕೆ ಇರುತ್ತಪ್ಪ," ಎಂದ ಕಾಗೆ ಪಕ್ಷದವನೊಬ್ಬ, ಕೇಕಿನ ತಟ್ಟೆಯಿಂದ ತಲೆಯೆತ್ತದೆ. "ನಾವೇ ಹತ್ತಿರ."

ಇದರ ಮೇಲೆ ಒಂದು ಸುತ್ತು ವಾದ ನಡೆಯಿತು. ಅದು ಮುಗಿದಮೇಲೆ ನೋಯೆಲ್, ಮರ ಈಗ ಇದೆ ಸರಿ, ಐವತ್ತೆರಡರಲ್ಲಿ ಎಷ್ಟೆತ್ತರ ಇತ್ತು, ಅದರಡಿ ಏನಿತ್ತು, ಫೋಟೋ ಎಲ್ಲಿ ಎಂದರು. ಕಟ್ಟಳೆ ಅಂದಮೇಲೆ ಕಟ್ಟಳೆ. ಎಲ್ಲರೂ ಕ್ಲೆಮ್ ಕಡೆ ತಿರುಗಿದರು.

ಕ್ಲೆಮ್ ಗೋದಾಮಿನ ಬುಡಕ್ಕೆ ತೆಳ್ಳನೆಯ ಅಲಗು ತೂರಿಸಿ, ಅಂಟು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ, ಗಾಳಿಗೂಡಿನ ಸಮೇತ ಕಪಾಟಿನ ಮೇಲಿಟ್ಟರು. ಟಾರ್ಕೂನಿಯ ಕೆಂಪು ಮಣ್ಣಿನಲ್ಲಿ ಆಯತಾಕಾರದ ಬಿಳಿ ಹಲಗೆ ಕಂಡಿತು. ಅದನ್ನು ನೋಡುವುದು ಒಬ್ಬರಿಗೂ ಆಗಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಚಹಾಕ್ಕೆ ಹೋದರು.

"ನಿಮ್ಮಜ್ಜಿ ನಾಳೆ ಮನೇಲಿರ್ತಾರಾ?" ಎಂದರು ಕ್ಲೆಮ್.

ಭಾನುವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅಜ್ಜಿ ಕುರ್ಚಿಯಲ್ಲಿ ಕೂತು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಟ್ರೆಂಬಾತ್‌ರ ಪೈಕಿಯಾ ನೀನು? ಮೂಗು ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಜ್ಜ ನಮ್ಮಪ್ಪನ ಸಲಿಕೆ ತಗೊಂಡು ಹೋಗಿ ವಾಪಸ್ ಕೊಡ್ಲಿಲ್ಲ."

"ವಿಚಾರಿಸ್ತೀನಿ, ತಾಯಿ," ಎಂದರು ಕ್ಲೆಮ್, ಮುಖ ಬದಲಿಸದೆ. "ಟಾರ್ಕೂನಿಯ ಗೋದಾಮು ನೆನಪಿದೆಯಾ ನಿಮಗೆ?"

"ಎಂಥ ಗೋದಾಮು? ಅಲ್ಲಿ ಗೋದಾಮು ಎಲ್ಲಿತ್ತು? ಮೂಟೆಗಳೆಲ್ಲ ಮರದ ಕೆಳಗೇ."

ಕ್ಲೆಮ್ ಜೇಬಿನಿಂದ ಪೆನ್ಸಿಲು ತೆಗೆದು, ಮೊಣಕಾಲ ಮೇಲೆ ರಟ್ಟಿನ ಚೂರೊಂದನ್ನು ಇಟ್ಟುಕೊಂಡರು. ಮರ ಆಗ ಎಷ್ಟೆತ್ತರ? ನೀರಿನ ತೊಟ್ಟಿಗಿಂತ ಸ್ವಲ್ಪ ಮೇಲೆ. ಮೂಟೆ ಹೇಗೆ ಒಟ್ಟುತ್ತಿದ್ದರು? ಅಡ್ಡಡ್ಡ, ತುದಿಗೆ ಬಂದಂತೆ ಕಿರಿದಾಗಿ. ಇನ್ನೇನಿತ್ತು? ಕುರಿ ಉಣ್ಣೆಯ ಒಂದು ಗಂಟು, ಯಾವಾಗಲೂ ಒಂದೇ, ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಮತ್ತೆ ಅಪ್ಪನ ನಾಯಿ.

"ನಾಯಿ ಯಾವ ಬಣ್ಣ?"

ಅಜ್ಜಿ ಯೋಚಿಸಿದಳು. ಅಷ್ಟರಲ್ಲಿ ಟ್ಯಾಮ್ಸಿನ್‌ಳ ತಾಯಿ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು. "ಹೂಂ ಅಮ್ಮ, ನಾಯಿ ಇತ್ತು, ಹೂಂ," ಎಂದು ಬಗ್ಗಿ, ಶಾಲು ಸರಿಮಾಡಲು ಹೋದಳು. ಅಜ್ಜಿಯ ಕಣ್ಣು ತನ್ನ ಕೈಗಳ ಕಡೆ ಇಳಿಯಿತು.

ಕ್ಲೆಮ್ ಪೆನ್ಸಿಲು ಎತ್ತಿ ಹಿಡಿದರು. "ಸ್ವಲ್ಪ ಇರಿಯಮ್ಮ. ಅವರು ಹೇಳ್ತಾ ಇದ್ದಾರೆ."

ತಾಯಿ ತಟ್ಟೆ ಹಿಡಿದುಕೊಂಡೇ ನಿಂತಳು. ಟ್ಯಾಮ್ಸಿನ್ ಕಿಟಕಿಯ ಹತ್ತಿರ ನಿಂತಿದ್ದಳು. ಅಜ್ಜಿ ತಲೆಯೆತ್ತಿದಳು, ಮಗಳನ್ನೊಮ್ಮೆ ನೋಡಿದಳು, ಆಮೇಲೆ ಪೆನ್ಸಿಲನ್ನು ನೋಡಿದಳು.

"ಮೈಯೆಲ್ಲ ಕೆಂಪು," ಎಂದಳು, ಬರೆದುಕೊಳ್ಳುವವನಿಗೆ ಅನುಕೂಲವಾಗುವಷ್ಟು ನಿಧಾನವಾಗಿ. "ಎಡಗಿವಿ ಮಾತ್ರ ಕಪ್ಪು. ಎಡ ಅಂದ್ರೆ ನಾಯಿಯ ಎಡ, ನಿನ್ನದಲ್ಲ. ಬರ್ಕೊಂಡ್ಯಾ?"