ಬಿಸಿ ಎಂಜಿನ್ನಿನ ಟ್ಯಾಪೆಟ್

ಬಡೇಸಾಬನ ಗ್ಯಾರೇಜು ಅಂದರೆ ಸೊರಬದ ಬಸ್ ಸ್ಟ್ಯಾಂಡ್ ಹಿಂದಿನ ನಾಲ್ಕು ತಗಡು, ಒಂದು ಹಲಗೆ, ನೆಲದ ತುಂಬ ಸುಟ್ಟ ಆಯಿಲ್. ಜಾಗ ಸಾವುಕಾರ ಪಂಚಾಕ್ಷರಪ್ಪನದು. ಹಾಗಾಗಿ ಅವನ ಬುಲೆಟ್ ಗಾಡಿಗೆ ಇಲ್ಲಿ ಎಲ್ಲ ಕೆಲಸವೂ ಬಿಟ್ಟಿ. ಪಕ್ಕದಲ್ಲೇ ಪಂಕ್ಚರ್ ಹಾಕುವ ನಾನು ಅದನ್ನು ನೋಡಿ ನೋಡಿ ಹೊಟ್ಟೆ ಉರಿದುಕೊಂಡವನು.

ಎಪ್ಪತ್ತಾರನೇ ಇಸವಿಯ ಬೇಸಿಗೆ. ಸಾವುಕಾರ ಜಡೆ ಊರಿನಿಂದ ಮಣ್ಣು ದಾರಿಯಲ್ಲಿ ಗಾಡಿ ಓಡಿಸಿಕೊಂಡು ಬಂದ. ಹಿಂದೆ ಅವನ ಆಳು ಸಣ್ಣಬೀರಪ್ಪ. ಎಂಜಿನ್ನು ಕಾದ ಕಾವಲಿಯಾಗಿತ್ತು.

“ಏ ಸಾಬ, ಟ್ಯಾಪೆಟ್ ಟಕಟಕ ಅಂತಿದೆ. ಈಗ್ಲೇ ಸದ್ದು ಅಡಗ್ಸು.”

“ತಣ್ಣಗಾಗ್ಲಿ ಸಾವ್ಕಾರ್ರೇ. ಕಾದಾಗ ಸಂದು ಅಗಲ ಆಗ್ತದೆ, ಅದ್ಕೇ ಸದ್ದು. ಈಗ ಬಿಗಿ ಮಾಡಿದ್ರೆ ತಣ್ಣಗಾದ್ಮೇಲೆ ವಾಲ್ವ್ ಮುಚ್ಚಲ್ಲ. ಗಾಡಿ ಸ್ಟಾರ್ಟೇ ಆಗಲ್ಲ.”

“ನನ್ನ ಜಾಗ್ದಲ್ಲಿ ಕೂತು ನಂಗೇ ಪಾಠ ಹೇಳ್ತೀಯೇನೋ? ಎಷ್ಟು ಕಾದಿದೆ ತೋರ್ಸು!”

ಬಡೇಸಾಬನ ಬಲಗೈ ಹಿಡಿದು ಸಿಲಿಂಡರಿಗೆ ಒತ್ತಿಬಿಟ್ಟ. ಚರ್ಮ ಚುರ್ರೆಂದಿತು. ನಾನು ಓಡಿಹೋಗಿ ಬಿಡಿಸುವಷ್ಟರಲ್ಲಿ ಬೆರಳ ತುದಿಗಳು ಬೆಂದು ಬೆಳ್ಳಗಾಗಿದ್ದವು. ವಾಲ್ವ್ ಎತ್ತಿ ಇಳಿಸುವ ಟ್ಯಾಪೆಟ್ಟಿನ ಸಂದು ಹೊಂದಿಸುವ ಕೆಲಸವೆಲ್ಲ ಆ ತುದಿಗಳದ್ದೇ. ಒಳಗಿನ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದರೆ ಅದು ಹಗುರಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಲ್ಲಿಗೆ ನಟ್ಟು ಬಿಗಿಯಬೇಕು. ಆ ಬೆರಳುಗಳಿಂದಲೇ ಅವನ ಹೆಂಡತಿ ಹಾಜಿರಾ ಬೀಯ ಒಲೆ ಹೊತ್ತುತ್ತಿತ್ತು. ಅವನ್ನೇ ಸುಟ್ಟನಲ್ಲ, ಪಾಪಿ!

“ಮಾಡ್ತೀಯೋ, ತಗಡು ಕೀಳಿಸ್ಲೋ?”

ಬಡೇಸಾಬ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಹೇಳಿದಂತೆ ಮಾಡಿಕೊಟ್ಟ. ಸದ್ದು ನಿಂತಿತು. ಸಾವುಕಾರ ಮೀಸೆ ತಿರುವಿಕೊಂಡು ಪೇಟೆಯ ತನ್ನ ಮನೆಗೆ ಹೋದ.

ಮಾರನೇ ಬೆಳಿಗ್ಗೆ ಬುಲೆಟ್ಟು ತಳ್ಳಿಸಿಕೊಂಡೇ ಬಂತು. ತಳ್ಳುತ್ತಿದ್ದ ಸಣ್ಣಬೀರಪ್ಪ ಬೆವರಲ್ಲಿ ತೊಯ್ದುಹೋಗಿದ್ದ. ಹ್ಯಾಂಡಲ್ ಹಿಡಿದಿದ್ದ ಸಾವುಕಾರ ಬಂದವನೇ ಕೂಗಿದ.

“ಬೇಕಂತ್ಲೇ ಕೆಡ್ಸಿದೀಯ! ಏಳು, ಸರಿ ಮಾಡು!”

ಬಟ್ಟೆ ಸುತ್ತಿದ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬಡೇಸಾಬ ಏಳಲಿಲ್ಲ. ಹಾಜಿರಾ ಬೀ ಅಡ್ಡ ಬಂದಳು.

“ಯಾವ ಕೈಲಿ ಮಾಡೋದ್ರೀ? ನೀವು ಸುಟ್ಟಿರೋ ಕೈಲಾ?”

ಸಾವುಕಾರ ನನ್ನತ್ತ ತಿರುಗಿದ. “ಏ ಮುನೀರ, ನಿಂಗೂ ಬರ್ತದಲ್ಲ, ನೀನು ಮಾಡು.”

“ಬರ್ತದೆ. ಮಾಡಲ್ಲ.”

ಎದುರಿನ ವೆಲ್ಡಿಂಗ್ ಅಂಗಡಿಯ ಮುಕ್ತಾರ್, ಬಸ್ಸಿನ ಕ್ಲೀನರುಗಳು, ತಗಡು ಬಡಿಯುವವರು ಒಬ್ಬೊಬ್ಬರಾಗಿ ಬಂದು ನಿಂತರು.

“ಇವತ್ತೇ ಈ ತಗಡೆಲ್ಲಾ ಕೀಳಿಸ್ತೀನಿ!”

“ಕೀಳ್ಸಿ,” ಅಂದ ಮುಕ್ತಾರ್. “ಆಮೇಲೆ ನಿಮ್ಮ ಗಾಡಿಗೆ ಸೊರಬದಲ್ಲಿ ಯಾರು ಸ್ಪ್ಯಾನರ್ ಹಾಕ್ತಾರೋ ನಾವೂ ನೋಡ್ತೀವಿ.”

ಸಾವುಕಾರನ ಸಿಟ್ಟೆಲ್ಲ ಆಳಿನ ಮೇಲೆ ತಿರುಗಿತು. “ಸಣ್ಣಬೀರ, ತಳ್ಳೋ! ಆನವಟ್ಟಿಲಿ ಮಾಡಿಸ್ತೀನಿ!”

ಸಣ್ಣಬೀರಪ್ಪ ಬಡೇಸಾಬನ ಕೈಯನ್ನೇ ನೋಡುತ್ತಿದ್ದ. ಸೀಟಿನ ಮೇಲಿದ್ದ ತನ್ನ ಎರಡೂ ಕೈ ತೆಗೆದ.

“ಗಾಡಿ ನಿಮ್ದು ಸಾವ್ಕಾರ್ರೇ. ನೀವೇ ತಳ್ಳಿ.”

ಅಷ್ಟು ಭಾರದ ಬುಲೆಟ್ಟು ಹ್ಯಾಂಡಲ್ ಹಿಡಿದಿದ್ದ ಸಾವುಕಾರನ ಮೇಲೇ ವಾಲಿತು. ನಮ್ಮಲ್ಲಿ ಒಬ್ಬನೂ ಕೈ ಕೊಡಲಿಲ್ಲ.